ಅಜ್ಜನ ಅ ಆ ಇ ಈ, ಅಕ್ಕೋರ ರ ಗ ಸ ದ

ನನ್ನ ಎಲ್ಲ ದಾಖಲೆಗಳಲ್ಲೂ ಹುಟ್ಟಿದ ದಿನ ಜೂನ್ 1 ಎಂದಿದೆ. ನನ್ನ ಜೊತೆ ಓದಿದವರಲ್ಲಿ ಹೆಚ್ಚಿನವರು ಹುಟ್ಟಿದ್ದೂ ಅದೇ ದಿನ. ಶಾಲೆ ಯಾವಾಗ ಬಾಗಿಲು ತೆರೆಯುತ್ತದೆ ಎಂದು ವಿಚಾರಿಸಿಕೊಂಡೇ ನಾವೆಲ್ಲ ಭೂಮಿಗೆ ಬಂದಿರಬೇಕು. ಜಾತಕದ ಪ್ರಕಾರ ನಾನು ಹುಟ್ಟಿದ್ದು ಪಿಂಗಳ ಸಂವತ್ಸರದಲ್ಲಿ, ಆಶ್ಲೇಷ ಮಳೆಯ ನಡುವೆ. ಅಂದರೆ 1977ರ ಆಗಸ್ಟ್‌ನಲ್ಲಿ. ಅಜ್ಜಿಗೆ ಜಾತಕ ಬೇಕಿರಲಿಲ್ಲ. ಕೊಟ್ಟಿಗೆಯ ಮಾಡು ಸೋರುತ್ತಿತ್ತು, ಹಳ್ಳ ತುಂಬಿ ಸಂಕ ಕೊಚ್ಚಿಹೋಗಿತ್ತು, ಸೂಲಗಿತ್ತಿಯನ್ನು ಕರೆತರಲು ಹೋದ ದೊಡ್ಡಪ್ಪ ಆಚೆ ದಡದಲ್ಲೇ ರಾತ್ರಿ ಕಳೆದ, ಅಷ್ಟರೊಳಗೆ ನೀನು ಬಂದಾಗಿತ್ತು ಎಂದು ಪ್ರತಿ ಮಳೆಗಾಲದಲ್ಲೂ ಹೇಳುತ್ತಿದ್ದಳು.

ಶಿರಸಿ ತಾಲ್ಲೂಕಿನ ಅಡಿಕೆ ತೋಟದ ಹಳ್ಳಿ ನಮ್ಮದು. 1983ರ ಜೂನ್‌ನಲ್ಲಿ ಅಜ್ಜ ನನ್ನನ್ನು ಶಾಲೆಗೆ ಹಾಕಲು ಕರೆದುಕೊಂಡು ಹೋದ. ಬಗಲಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಹಳೆಯ ಪಂಚಾಂಗ. ಹೆಡ್‌ಮಾಸ್ತರರು ದಾಖಲಾತಿ ಪುಸ್ತಕ ಬಿಡಿಸಿ ಹುಟ್ಟಿದ ತಾರೀಖು ಕೇಳಿದರು. ಅಜ್ಜ ಪಂಚಾಂಗ ಬಿಡಿಸಿ ಸಂವತ್ಸರ, ಮಾಸ, ಪಕ್ಷ, ತಿಥಿ, ನಕ್ಷತ್ರದ ಪಾದ ಎಲ್ಲವನ್ನೂ ಹೇಳಿದ. ಮಾಸ್ತರರು ತಾಳ್ಮೆಯಿಂದ ಕೇಳಿಸಿಕೊಂಡು, "ಹೆಗಡೆಯವರೇ, ಇದರಲ್ಲಿ ಬರೆಯುವುದಕ್ಕೆ ಮೂರೇ ಮನೆ ಇದೆ. ದಿನ, ತಿಂಗಳು, ಇಸವಿ" ಎಂದರು.

ಮೂರು ಮನೆ ತುಂಬಿಸಿದಾಗ ಇನ್ನೊಂದು ತೊಡಕು ಎದ್ದಿತು. ಆಗ ಒಂದನೇ ತರಗತಿಗೆ ಸೇರಲು ಐದು ವರ್ಷ ಹತ್ತು ತಿಂಗಳು ತುಂಬಿರಬೇಕಿತ್ತು. ನನಗೆ ಕೆಲವೇ ದಿನ ಕಡಿಮೆ. ಮಾಸ್ತರರು ನನ್ನನ್ನು ಹತ್ತಿರ ಕರೆದು, ಬಲಗೈಯನ್ನು ನೆತ್ತಿಯ ಮೇಲಿನಿಂದ ತಂದು ಎಡಗಿವಿ ಮುಟ್ಟಲು ಹೇಳಿದರು. ಇದೇ ಆ ಕಾಲದ ವಯಸ್ಸಿನ ಪುರಾವೆ. ಕಿವಿ ಸಿಕ್ಕಿದರೆ ಶಾಲೆಗೆ, ಸಿಗದಿದ್ದರೆ ಮನೆಗೆ. ಮನೆಯಲ್ಲಿ ದೊಡ್ಡಪ್ಪನ ಮಗ ಇದರ ಅಭ್ಯಾಸ ಮಾಡಿಸಿದ್ದ. ತಲೆಯನ್ನು ಬಲಕ್ಕೆ ಸ್ವಲ್ಪ ವಾಲಿಸಿದರೆ ಬೆರಳು ಇನ್ನೂ ಒಂದು ಅಂಗುಲ ಮುಂದೆ ಹೋಗುತ್ತದೆ ಎಂಬ ಗುಟ್ಟನ್ನೂ ಕೊಟ್ಟಿದ್ದ. ಕಿವಿಯ ತುದಿ ಸಿಕ್ಕಿತು. "ಕಿವಿ ಒಪ್ಪಿತು, ಲೆಕ್ಕ ಒಪ್ಪುತ್ತಿಲ್ಲ. ಲೆಕ್ಕವನ್ನು ನಾನು ಒಪ್ಪಿಸುತ್ತೇನೆ" ಎಂದು ಮಾಸ್ತರರು ಜೂನ್ 1 ಎಂದು ಬರೆದರು. ದಾರಿಯುದ್ದಕ್ಕೂ ಅಜ್ಜನಿಗೆ ಸಮಾಧಾನವಿಲ್ಲ. ಆಶ್ಲೇಷ ಮಳೆಯಲ್ಲಿ ಹುಟ್ಟಿದವನನ್ನು ರೋಹಿಣಿ ಮಳೆಗೆ ತಂದು ಕೂರಿಸಿದರಲ್ಲ ಎಂದು ಮನೆಗೆ ಬಂದವರೊಡನೆಲ್ಲ ಹೇಳಿಕೊಂಡ.

ಅಜ್ಜನ ಲೆಕ್ಕದಲ್ಲಿ ನನ್ನ ವಿದ್ಯಾಭ್ಯಾಸ ಅಷ್ಟರಲ್ಲಾಗಲೇ ಶುರುವಾಗಿತ್ತು. ಹಿಂದಿನ ವಿಜಯದಶಮಿಯ ದಿನ ದೇವರ ಮುಂದೆ ಹರಿವಾಣದಲ್ಲಿ ಅಕ್ಕಿ ಹರಡಿ, ನನ್ನ ಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದು ಓಂಕಾರ ಬರೆಸಿದ್ದ. ಅಕ್ಕಿಯ ಮೇಲೆ ಬರೆದದ್ದು ನಿಲ್ಲುವುದಿಲ್ಲ. ಬೆರಳು ಮುಂದೆ ಸಾಗಿದ ಹಾಗೆ ಹಿಂದಿನ ಗೆರೆಗೆ ಅಕ್ಕಿ ಕುಸಿದು ತುಂಬಿಕೊಳ್ಳುತ್ತದೆ. ಆಮೇಲೆ ಪಾಟಿ ಬಂತು. ದಿನವೂ ಬೆಳಗ್ಗೆ ಜಗಲಿಯಲ್ಲಿ ಅಜ್ಜ ಎಲೆಗೆ ಸುಣ್ಣ ಹಚ್ಚುತ್ತ ಕೂರುವುದು, ನಾನು ಪಾಟಿಯ ಮೇಲೆ ಅವನು ಬರೆದುಕೊಟ್ಟ ಒಂದೊಂದೇ ಅಕ್ಷರವನ್ನು ತಿದ್ದುವುದು. ಒಂದೇ ಗೆರೆಯ ಮೇಲೆ ಕಡ್ಡಿ ಆಡಿಸಿ ಆಡಿಸಿ ಅಕ್ಷರ ಬೆರಳಿನಷ್ಟು ದಪ್ಪವಾಗಬೇಕು. ಬೇಸಿಗೆ ಮುಗಿಯುವ ಹೊತ್ತಿಗೆ ಅ ದಿಂದ ಳ ದವರೆಗೆ ಹೇಳುತ್ತಿದ್ದೆ, ಬರೆಯುತ್ತಲೂ ಇದ್ದೆ. ಅದರಿಂದ ಏನಾದರೂ ಒಂದು ಪದ ಓದಲು ಬರುತ್ತಿತ್ತೇ ಎಂದರೆ ಇಲ್ಲ. ಅಕ್ಷರಗಳು ಮಣಿಸರದ ಹಾಗೆ ಒಟ್ಟಿಗೇ ಬರುತ್ತಿದ್ದವು. ನಡುವಿನ ಒಂದನ್ನು ಕೇಳಿದರೆ ಮತ್ತೆ ಅ ದಿಂದ ಶುರು ಮಾಡಿ ಅಲ್ಲಿಯವರೆಗೆ ಬರಬೇಕಿತ್ತು.

ಇಷ್ಟೆಲ್ಲ ಕಲಿತವನು ಎಂಬ ಗತ್ತಿನಲ್ಲಿ ಶಾಲೆಗೆ ಹೋದರೆ, ಅಕ್ಕೋರು ಬೋರ್ಡಿನ ಮೇಲೆ ಬರೆದ ಮೊದಲ ಅಕ್ಷರ ರ.

ಅಕ್ಕೋರು ಅಂಕೋಲೆ ಕಡೆಯವರು. ನಮ್ಮ ಶಾಲೆಗಳಿಗೆ ಆಗ ಘಟ್ಟದ ಕೆಳಗಿನಿಂದ ಬಂದ ಮಾಸ್ತರರೇ ಹೆಚ್ಚು. ಒಂದರಿಂದ ನಾಲ್ಕರವರೆಗಿನ ಮಕ್ಕಳೆಲ್ಲ ಒಂದೇ ಉದ್ದನೆಯ ಕೋಣೆಯಲ್ಲಿ. ಅರ್ಧ ಕೋಣೆ ಅವರದು, ಉಳಿದರ್ಧ ಹೆಡ್‌ಮಾಸ್ತರರದು. ನಡುವೆ ಗೋಡೆಯಿಲ್ಲ. ಆಚೆಯ ನಾಲ್ಕನೇ ತರಗತಿಯ ಭೂಗೋಳ ಈಚೆಯ ಒಂದನೇ ತರಗತಿಯ ಕಿವಿಗೂ ಬೀಳುತ್ತಿತ್ತು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂದು ಜಿಲ್ಲೆಯ ನದಿಗಳು ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ನನಗೆ ಬಾಯಿಗೆ ಬಂದದ್ದು ಹಾಗೆ. ನಕ್ಷೆಯಲ್ಲಿ ಅವನ್ನು ನೋಡಿದ್ದು ಮೂರು ವರ್ಷ ತಡವಾಗಿ.

ಅಕ್ಕೋರು ರ ಆದ ಮೇಲೆ ಗ ಬರೆಸಿದರು, ಗ ಆದ ಮೇಲೆ ಸ, ದ. ಅ ಬಂದದ್ದು ಐದನೆಯದಾಗಿ. ಸಂಜೆ ಅಜ್ಜನಿಗೆ ಪಾಟಿ ತೋರಿಸಿದೆ. ಅಜ್ಜ ಕನ್ನಡಕ ಹಾಕಿಕೊಂಡು ಪಾಟಿಯನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಹಿಂದೆ ತಿರುಗಿಸಿಯೂ ನೋಡಿದ, ಉಳಿದ ಅಕ್ಷರಗಳು ಆ ಬದಿಗೆ ಇರಬಹುದು ಎಂಬಂತೆ. "ಇದು ಎಲ್ಲಿಯ ಕ್ರಮ? ವರ್ಣಮಾಲೆಗೆ ತಲೆ ಅಕಾರ. ತಲೆಯನ್ನು ಬಿಟ್ಟು ಸೊಂಟದಿಂದ ಶುರು ಮಾಡುವವರನ್ನು ನಾನು ನೋಡಿಲ್ಲ" ಎಂದ. ಅಜ್ಜ ಓದಿದ್ದು ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ. ತರಗತಿಗೆ ಅವನು ಕೊನೆಯವರೆಗೂ ಇಯತ್ತೆ ಎಂದೇ ಹೇಳುತ್ತಿದ್ದ. ಮುಲ್ಕಿ ಪರೀಕ್ಷೆ ಪಾಸಾದವನು ಎಂಬ ಹೆಮ್ಮೆ ಬೇರೆ. ಮುಲ್ಕಿ ಪಾಸಾದವರು ಹಿಂದೆ ಮಾಸ್ತರಿಕೆಗೆ ಹೋಗುತ್ತಿದ್ದರು. ತಾನು ತೋಟ ಬಿಟ್ಟು ಹೋಗಲಾರದೆ ಉಳಿದೆ, ಇಲ್ಲದಿದ್ದರೆ ಈ ಶಾಲೆಗಳನ್ನೆಲ್ಲ ಸರಿ ಮಾಡುತ್ತಿದ್ದೆ ಎಂಬ ಭಾವ ಅವನ ಮಾತಿನಲ್ಲಿ ಇದ್ದೇ ಇರುತ್ತಿತ್ತು.

ಮಳೆ ಹೊಳವಾದ ಒಂದು ದಿನ ಅಕ್ಕೋರಿಗೆ ಕೊಡಲೆಂದು ಎರಡು ಮೊಗೆಕಾಯಿ ಹಿಡಿದುಕೊಂಡು ಅಜ್ಜನೇ ಶಾಲೆಗೆ ಬಂದ. ಮೊಗೆಕಾಯಿ ನೆಪ ಎಂಬುದು ನನಗೂ ಗೊತ್ತಿತ್ತು. ಅಕ್ಕೋರು ಕುರ್ಚಿ ಹಾಕಿಸಿ ಕೂರಿಸಿ, ಕೇಳಬೇಕಾದ್ದನ್ನು ಕೇಳಲು ಬಿಟ್ಟರು. ಆಮೇಲೆ ನನ್ನನ್ನು ಕರೆದು ಬೋರ್ಡಿನ ಮೇಲೆ ಸ, ರ ಎಂದು ಪಕ್ಕಪಕ್ಕ ಬರೆದು ಓದಲು ಹೇಳಿದರು. ಓದಿದೆ. ದರ ಓದಿದೆ. ಅರಸ, ಅಗಸ, ದಸರ ಓದಿದೆ. ಗರಗಸ ಬರೆದಾಗ ಒಂದೊಂದೇ ಅಕ್ಷರ ಹೇಳಿ, ಮತ್ತೆ ಕೂಡಿಸಿ ಹೇಳಿ, ನನಗೇ ನಗು ಬಂತು. ನಮ್ಮ ಮನೆಯ ಗರಗಸ ಅಟ್ಟದ ಮೆಟ್ಟಿಲ ಪಕ್ಕ ತೂಗುತ್ತಿತ್ತು. ಅದು ಬೋರ್ಡಿಗೆ ಬಂದುಬಿಟ್ಟಿತ್ತು. "ಅಜ್ಜಾ, ಐದು ಅಕ್ಷರ ಕಲಿತವನು ಇಷ್ಟು ಓದುತ್ತಾನೆ. ಐವತ್ತು ಕಲಿಯುವವರೆಗೆ ಇವನನ್ನು ಕಾಯಿಸಬೇಕೆ?" ಎಂದರು ಅಕ್ಕೋರು. ಬರೆಯಲು ಸುಲಭವಾದ, ಕೂಡಿಸಿದ ಕೂಡಲೇ ಪದವಾಗುವ ಅಕ್ಷರಗಳನ್ನು ಮೊದಲು ತಂದಿದ್ದಾರೆ ಎಂದು ವಿವರಿಸಿದರು. ಆಮೇಲೆ ಜ ವ ಮ ಬ ನ ಬರುತ್ತದೆ, ಆಗ ಮರ, ಬಸವ, ವನ ಎಲ್ಲ ಬರುತ್ತದೆ ಎಂದರು. ಅಜ್ಜ ತಲೆಯಾಡಿಸಿದ. ಮನೆಗೆ ಬಂದವನು, "ಆಕೆ ಬುದ್ಧಿವಂತೆ. ಕ್ರಮ ಮಾತ್ರ ತಪ್ಪು" ಎಂದು ತೀರ್ಪು ಕೊಟ್ಟ. ಅಲ್ಲಿಂದ ಮುಂದೆ ಶಾಲೆಯಲ್ಲಿ ರ ಗ ಸ ದ, ಮನೆಯಲ್ಲಿ ಅ ಆ ಇ ಈ. ಎರಡು ಕಡೆಯ ಅಕ್ಷರ ಒಂದೇ ಎಂಬುದು ತಲೆಗೆ ಹತ್ತಲು ನನಗೆ ಸ್ವಲ್ಪ ಕಾಲ ಬೇಕಾಯಿತು. ಮನೆಯ ರ ಬಹಳ ಹಿಂದೆ, ಯ ದ ಬೆನ್ನಿಗೆ ನಿಂತಿತ್ತು. ಶಾಲೆಯ ರ ಎಲ್ಲರಿಗಿಂತ ಮುಂದೆ ನಿಂತು ಕೈ ಬೀಸುತ್ತಿತ್ತು.

ಪಾಟಿಯ ವಿಚಾರ ಹೇಳದೆ ಮುಂದೆ ಹೋಗಲಾರೆ. ಕಲ್ಲಿನ ಪಾಟಿ, ಸುತ್ತ ಮರದ ಚೌಕಟ್ಟು. ಬಿದ್ದರೆ ಒಡೆಯಿತು. ಒಡೆದ ತುಂಡಿನಲ್ಲೇ ಅರ್ಧ ವರ್ಷ ಕಳೆದವರು ಬಹಳ ಮಂದಿ. ಎಂಜಲು ಹಚ್ಚಿ ಒರೆಸಿದರೆ ಸರಸ್ವತಿಗೆ ಸಿಟ್ಟು ಬರುತ್ತದೆ, ಹಾಗಾಗಿ ದಾರಿಯ ಬದಿಯಲ್ಲಿ ನೀರುಕಡ್ಡಿಯ ಗಿಡ ಕಿತ್ತು ಚೀಲಕ್ಕೆ ತುಂಬಿಕೊಳ್ಳುತ್ತಿದ್ದೆವು. ಗೋಡೆಯ ಸಂದು, ಕಲ್ಲುಕಟ್ಟೆಯ ನೆರಳಿನಲ್ಲಿ ಬೆಳೆಯುವ ಪುಟ್ಟ ಗಿಡ. ದಂಟು ಗಾಜಿನಂತೆ, ಒತ್ತಿದರೆ ನೀರು. ಅದರಿಂದ ಒರೆಸಿದ ಪಾಟಿ ಒಣಗುವಾಗ ಒಂದು ಹಸಿ ವಾಸನೆ ಬರುತ್ತಿತ್ತು. ಬೇಸಿಗೆಯಲ್ಲಿ ಆ ಗಿಡ ಇರುವುದಿಲ್ಲ. ಆಗ ಸರಸ್ವತಿ ಎಂಜಲನ್ನು ಕ್ಷಮಿಸುತ್ತಾಳೆ ಎಂದು ನಾವೇ ತೀರ್ಮಾನಿಸಿದ್ದೆವು. ಕಡ್ಡಿ ತಿನ್ನುವುದು ಇನ್ನೊಂದು ಚಟ. ಬರೆಯುವುದಕ್ಕಿಂತ ಹೆಚ್ಚು ಹೊಟ್ಟೆಗೆ ಹೋಗುತ್ತಿತ್ತು. ಆಯಿ, ಅಂದರೆ ಅಮ್ಮ, ಹೊಸ ಕಡ್ಡಿ ಕೊಡುವ ಮೊದಲು ಹಳೆಯದರ ತುಂಡು ತೋರಿಸಲು ಹೇಳುತ್ತಿದ್ದಳು; ತುಂಡಿಲ್ಲದಿದ್ದರೆ ನಾಲಿಗೆ ತೋರಿಸಬೇಕು.

ನಮ್ಮ ಮನೆ ಕೂಡು ಕುಟುಂಬ. ಅಜ್ಜ, ಅಜ್ಜಿ, ದೊಡ್ಡಪ್ಪ, ದೊಡ್ಡಾಯಿ, ಅಪ್ಪ, ಆಯಿ, ಮದುವೆಯಾಗದ ಸಣ್ಣ ಅತ್ತೆ, ನಾವು ಮಕ್ಕಳ ಒಂದು ದಂಡು. ಬೆಳಗ್ಗೆ ಎಲ್ಲರಿಗೂ ತೆಳ್ಳೇವು, ಅಂದರೆ ತೆಳು ದೋಸೆ. ಕಾವಲಿಯ ಮುಂದೆ ದೊಡ್ಡಾಯಿ ಕೂತರೆ ಏಳುವ ಹೊತ್ತಿಗೆ ಎಂಟು ಗಂಟೆ. ಯಾರಿಗೆ ಎಷ್ಟು ಆಯಿತು ಎಂಬ ಲೆಕ್ಕ ಅವಳಿಗೆ ಮಾತ್ರ ಗೊತ್ತು, ಆ ಲೆಕ್ಕದ ವಿರುದ್ಧ ಅಪೀಲು ಇಲ್ಲ. ಅಜ್ಜಿ ಓದು ಬರಹ ಬಾರದವಳು. ಆದರೆ ಹಾಲಿನ ಲೆಕ್ಕ ಅವಳ ಕೈಯಲ್ಲಿ. ಅಡುಗೆಮನೆಯ ಬಾಗಿಲ ಹಿಂದಿನ ಗೋಡೆಯ ಮೇಲೆ ಮಸಿಯಿಂದ ಗೀಟು ಎಳೆಯುತ್ತಿದ್ದಳು. ಯಾರ ಮನೆಗೆ ಎಷ್ಟು ಹೋಯಿತು ಎಂಬುದು ಗೀಟಿನ ಉದ್ದ, ಗಿಡ್ಡ, ಓರೆಯಲ್ಲಿ ಇರುತ್ತಿತ್ತು. ಓದಲು ಕಲಿತ ಮೇಲೆ ಆ ಗೋಡೆಯನ್ನು ಓದಲು ನೋಡಿದೆ, ಒಂದೂ ತಿಳಿಯಲಿಲ್ಲ. ಮುಲ್ಕಿ ಪಾಸಾದ ಅಜ್ಜನಿಗೂ ತಿಳಿಯುತ್ತಿರಲಿಲ್ಲ.

ಬಾಯಿಪಾಠ ಸಂಜೆಯ ಹೊತ್ತಿಗೆ. ಬಚ್ಚಲಲ್ಲಿ ಕೈಕಾಲು ತೊಳೆದು, ದೇವರಿಗೆ ದೀಪ ಹಚ್ಚಿದ ಮೇಲೆ ಮಕ್ಕಳೆಲ್ಲ ಜಗಲಿಯಲ್ಲಿ ಸಾಲಾಗಿ ಕೂರಬೇಕು. ಮನೆಗೆ ಕರೆಂಟು ಬಂದಿತ್ತು. ಆದರೆ ಮಳೆಗಾಲದ ಮೊದಲ ಗಾಳಿಗೆ ಹೋದದ್ದು ಯಾವಾಗ ಬರುತ್ತದೆಂಬ ಭರವಸೆಯಿಲ್ಲದ್ದರಿಂದ ಲಾಟೀನಿಗೆ ಕೆಲಸ ತಪ್ಪಿರಲಿಲ್ಲ. ಮೊದಲು ವಾರ, ತಿಂಗಳು, ಆಮೇಲೆ ತಿಥಿ, ಇಪ್ಪತ್ತೇಳು ನಕ್ಷತ್ರ, ಹನ್ನೆರಡು ರಾಶಿ, ಕೊನೆಗೆ ಅರವತ್ತು ಸಂವತ್ಸರ. ಪ್ರಭವ, ವಿಭವ, ಶುಕ್ಲ, ಪ್ರಮೋದೂತ ಎಂದು ಹತ್ತಿದರೆ ಉಸಿರು ಕಟ್ಟುವವರೆಗೆ ಹೋಗುವುದು. ನಾನು ಶಾಲೆಗೆ ಸೇರಿದ ವರ್ಷ ರುಧಿರೋದ್ಗಾರಿ ಸಂವತ್ಸರ. ಆರು ವರ್ಷದ ಹುಡುಗನ ನಾಲಿಗೆಗೆ ಅದಕ್ಕಿಂತ ಕೆಟ್ಟ ಹೆಸರು ಅರವತ್ತರಲ್ಲಿ ಇನ್ನೊಂದಿಲ್ಲ. ದುಂದುಭಿಯವರೆಗೆ ಓಡುತ್ತ ಬಂದವನು ಅಲ್ಲಿ ಎಡವುತ್ತಿದ್ದೆ. ಎಡವಿದರೆ ಮತ್ತೆ ಪ್ರಭವದಿಂದ. ಅಷ್ಟು ಹೊತ್ತಿಗೆ ಒಳಗಿನಿಂದ ಒಗ್ಗರಣೆಯ ವಾಸನೆ ಬಂದಿರುತ್ತಿತ್ತು, ತಂಗಿಯರು ನಿದ್ದೆಗೆ ತೂಗುತ್ತಿದ್ದರು. ಅತ್ತೆ ಒಳಗಿನಿಂದಲೇ, ನಾನು ಸಿಕ್ಕಿಹಾಕಿಕೊಂಡ ಜಾಗದಲ್ಲಿ ಮುಂದಿನ ಹೆಸರನ್ನು ಪಾತ್ರೆ ಬಡಿಯುವ ನೆಪದಲ್ಲಿ ಗಟ್ಟಿಯಾಗಿ ಹೇಳಿಬಿಡುತ್ತಿದ್ದಳು. ಅಜ್ಜನಿಗೆ ಅದು ಕೇಳಿಸುತ್ತಿರಲಿಲ್ಲವೋ, ಕೇಳಿಸದ ಹಾಗೆ ಇರುತ್ತಿದ್ದನೋ.

ಮಗ್ಗಿಯಲ್ಲಿ ಅಜ್ಜ ಶಾಲೆಗಿಂತ ಮುಂದೆ ಹೋಗುತ್ತಿದ್ದ. ಶಾಲೆಯದು ಇಪ್ಪತ್ತರವರೆಗೆ, ಅವನದು ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ. ನಾಣ್ಯಕ್ಕೆ ಹೊಸ ಪೈಸೆ ಬಂದದ್ದು 1957ರಲ್ಲಿ. ಇಪ್ಪತ್ತಾರು ವರ್ಷದ ಮೇಲೂ ನಮ್ಮ ಮನೆಯಲ್ಲಿ ಇಪ್ಪತ್ತೈದು ಪೈಸೆ ನಾಲ್ಕಾಣೆಯೇ, ಐವತ್ತು ಪೈಸೆ ಎಂಟಾಣೆಯೇ. ಶಾಲೆಯಲ್ಲಿ ರೂಪಾಯಿಗೆ ನೂರು ಪೈಸೆ ಎಂದರೆ ಮನೆಯಲ್ಲಿ ಹದಿನಾರು ಆಣೆ. ನೇರವಾಗಿ ಹೇಳಬೇಕೆಂದರೆ ಆ ಸಂಜೆಗಳು ಬೇಸರದ ಸಂಜೆಗಳು. ಈಗ ಅದನ್ನು ನೆನೆದು ಹಳೆಯ ಕಾಲದ ಶಿಕ್ಷಣವೇ ಶ್ರೇಷ್ಠ ಎನ್ನುವವರ ಜೊತೆ ನಾನಿಲ್ಲ. ಅರ್ಥ ತಿಳಿಯದೆ ಉರು ಹೊಡೆದದ್ದು, ಅಷ್ಟೆ. ಆದರೆ ಉರು ಹೊಡೆದದ್ದು ಹೋಗಿಲ್ಲ ಎಂಬುದೂ ನಿಜ. ನಿದ್ದೆ ಬಾರದ ರಾತ್ರಿ ಈಗಲೂ ಅಶ್ವಿನಿ, ಭರಣಿ ಎಂದು ಶುರು ಮಾಡಿದರೆ ರೇವತಿಗೆ ತಲುಪುವುದಿಲ್ಲ, ಅಷ್ಟರೊಳಗೆ ಕಣ್ಣು ಮುಚ್ಚಿರುತ್ತದೆ.

ಕಿವಿಗೆ ಬೀಳುತ್ತಿದ್ದ ಇನ್ನೊಂದು ಪಾಠ ರೇಡಿಯೊ. ಬೆಳಗ್ಗೆ ಏಳಕ್ಕೆ ಐದು ನಿಮಿಷ ಇರುವಾಗ ಸಂಸ್ಕೃತ ವಾರ್ತೆ. "ಇಯಂ ಆಕಾಶವಾಣೀ, ಸಂಪ್ರತಿ ವಾರ್ತಾಃ ಶ್ರೂಯಂತಾಂ, ಪ್ರವಾಚಕಃ ಬಲದೇವಾನಂದ ಸಾಗರಃ." ಪಕ್ಕದ ಜಿಲ್ಲೆಯ ಸಾಗರ ಪೇಟೆ ನಮಗೆ ಗೊತ್ತಿತ್ತು, ದೊಡ್ಡಾಯಿಯ ತವರು ಆ ಕಡೆ. ಇಷ್ಟು ದೊಡ್ಡ ದನಿಯವನು ದೊಡ್ಡಾಯಿಯ ಊರಿನವನು ಎಂಬ ಬಗ್ಗೆ ನಮಗೆ ಯಾರಿಗೂ ಅನುಮಾನವಿರಲಿಲ್ಲ. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದಾಗ ಅವನ ಮನೆ ತೋರಿಸು ಎಂದು ಹಟ ಹಿಡಿದೆವು. ದೊಡ್ಡಾಯಿ ಬಸ್ಸಿನ ಕಿಟಕಿಯಿಂದ ಯಾವುದೋ ದೊಡ್ಡ ಹಂಚಿನ ಮನೆ ತೋರಿಸಿ ಅದೇ ಎಂದು ಮುಗಿಸಿದಳು.

ಶಾಲೆಗೆ ದಾರಿ ಒಂದೂವರೆ ಮೈಲಿ. ಮೊದಲು ತೋಟ, ಆಮೇಲೆ ಸೊಪ್ಪಿನ ಬೆಟ್ಟ, ಆಮೇಲೆ ಹಳ್ಳ. ಹಳ್ಳಕ್ಕೆ ಅಡಿಕೆ ಮರದ ಸಂಕ. ಆಷಾಢದಲ್ಲಿ ಹಳ್ಳ ಸಂಕದ ಅಡಿ ತಾಗಿಕೊಂಡು ಹರಿಯುವಾಗ ದೊಡ್ಡವರು ಯಾರಾದರೂ ಬಂದು ದಾಟಿಸಬೇಕು. ದೊಡ್ಡ ಮಕ್ಕಳಿಗೆ ಕಂಬಳಿಕೊಪ್ಪೆ, ನಮಗೆ ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್‌ನ ಕೊಪ್ಪೆ. ಚೀಲದ ಒಂದು ಮೂಲೆಯನ್ನು ಒಳಗೆ ಮಡಚಿ ತಲೆಗೆ ಸಿಕ್ಕಿಸಿಕೊಂಡರೆ ಆಯಿತು. ಮಳೆ ಅದರ ಮೇಲೆ ಬೀಳುವ ಸದ್ದಿಗೆ ಪಕ್ಕದವನು ಕೂಗಿದ್ದೂ ಕೇಳಿಸದು. ಶಾಲೆ ಮುಟ್ಟಿದ ಮೇಲೆ ಮೊದಲ ಕೆಲಸ ಕಾಲಿಗೆ ಹತ್ತಿದ ಇಂಬಳ, ಅಂದರೆ ಜಿಗಣೆ, ತೆಗೆಯುವುದು. ಅದಕ್ಕಾಗಿ ಒಂದು ಕರಟದಲ್ಲಿ ಸುಣ್ಣ ಬಾಗಿಲ ಬಳಿಯೇ ಇರುತ್ತಿತ್ತು. ಇಂಬಳ ಕಚ್ಚಿದ ಜಾಗದ ರಕ್ತ ಬೇಗ ನಿಲ್ಲುವುದಿಲ್ಲ. ಮಳೆಗಾಲದ ಮೂರು ತಿಂಗಳು ಶಾಲೆಯ ನೆಲದಲ್ಲಿ ಅಲ್ಲಲ್ಲಿ ರಕ್ತದ ಕಲೆ, ಅದರ ಬಗ್ಗೆ ಯಾರಿಗೂ ಏನೂ ಅನಿಸುತ್ತಿರಲಿಲ್ಲ.

ಶನಿವಾರ ಬೆಳಗಿನ ಶಾಲೆ. ಪಾಠ ಕಡಿಮೆ, ಕೆಲಸ ಹೆಚ್ಚು. ಮಣ್ಣಿನ ನೆಲಕ್ಕೆ ಸಗಣಿ ಸಾರಿಸುವುದು ಹುಡುಗಿಯರ ಪಾಲಿಗೆ, ಸಗಣಿ ಹೊತ್ತು ತರುವುದು ಮತ್ತು ಬೋರ್ಡಿಗೆ ಮಸಿ ಹಚ್ಚುವುದು ಹುಡುಗರ ಪಾಲಿಗೆ. ಯಾಕೆ ಹೀಗೆ ಎಂದು ಒಬ್ಬಳು ಕೇಳಿದಳು, ಉತ್ತರ ಸಿಗಲಿಲ್ಲ. ಮಸಿ ಮಾಡುವ ಕೆಲಸ ನನಗೆ ಬಹಳ ಪ್ರಿಯ. ಇದ್ದಿಲನ್ನು ಕಲ್ಲಿನ ಮೇಲೆ ನುಣ್ಣಗೆ ಅರೆಯಬೇಕು. ತೊಂಡೆಯ ಸೊಪ್ಪನ್ನು ಅಂಗೈಯಲ್ಲಿ ಹೊಸಕಿ ರಸ ಹಿಂಡಿ ಅದಕ್ಕೆ ಕಲಸಬೇಕು. ಮುಗಿದುಹೋದ ಬ್ಯಾಟರಿ ಸೆಲ್ಲು ಸಿಕ್ಕಿದರೆ ಹಬ್ಬ. ಅದನ್ನು ಒಡೆದು ಒಳಗಿನ ಕಪ್ಪು ಪುಡಿ ಸೇರಿಸಿದರೆ ಬೋರ್ಡು ಮಿಂಚುತ್ತಿತ್ತು. ರಸ ಹೆಚ್ಚಾದರೆ ಒಣಗಿದ ಮೇಲೆ ಹಸಿರು ಗೆರೆ ಬೀಳುತ್ತದೆ, ಕಡಿಮೆಯಾದರೆ ಸೀಮೆಸುಣ್ಣದ ಜೊತೆ ಮಸಿಯೂ ಉದುರುತ್ತದೆ. ಬಟ್ಟೆಯ ಉಂಡೆಯಲ್ಲಿ ಅದ್ದಿ, ಮೇಲಿನಿಂದ ಕೆಳಗೆ ಒಂದೇ ಎಳೆತಕ್ಕೆ ಹಚ್ಚಬೇಕು, ಹಿಂದೆ ಮುಂದೆ ತಿಕ್ಕಬಾರದು. ಸೋಮವಾರ ಅಕ್ಕೋರು ಆ ಕಪ್ಪಿನ ಮೇಲೆ ಮೊದಲ ಅಕ್ಷರ ಬರೆಯುವಾಗ, ಮಸಿ ಹಚ್ಚಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು.

ಪುಸ್ತಕದ ಕನ್ನಡ ನಮ್ಮಲ್ಲಿ ಯಾರದ್ದೂ ಆಗಿರಲಿಲ್ಲ. ನನ್ನ ಮನೆಯದು ಹವ್ಯಕರ ಕನ್ನಡ, ಹಿಂದಿನ ಸಾಲಿನ ಹುಡುಗಿಯ ಮನೆಯದು ಕೊಂಕಣಿ, ಕಾಡಿನಂಚಿನಿಂದ ಬರುವ ಗೌಳಿಗರ ಹುಡುಗನದು ಮರಾಠಿಯ ಒಂದು ಬಗೆ. ಅಕ್ಕೋರದು ಕರಾವಳಿಯ ಕನ್ನಡ. ಉಕ್ತಲೇಖನದಲ್ಲಿ ಎಲ್ಲರೂ ಒಂದೊಂದು ಕಡೆ ಬೀಳುತ್ತಿದ್ದೆವು. ಹಾಗಾಗಿ ತಪ್ಪಿಗೆ ನಗುವ ಹಕ್ಕು ಯಾರಿಗೂ ಇರಲಿಲ್ಲ, ಅಕ್ಕೋರು ನಗಲು ಬಿಡುತ್ತಲೂ ಇರಲಿಲ್ಲ.

ನನ್ನ ಪಕ್ಕ ಕೂರುತ್ತಿದ್ದ ಹುಡುಗ ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದವರ ಮಗ. ಶಾಲೆಯಲ್ಲಿ ಒಂದೇ ಚಾಪೆ, ಎಷ್ಟೋ ಸಲ ಒಂದೇ ಕಡ್ಡಿಯ ಎರಡು ತುಂಡು. ನಮ್ಮ ಮನೆಯಲ್ಲಿ ಮಾತ್ರ ಅವನ ಜಾಗ ಜಗಲಿಯ ಕೆಳಗೆ, ಅಂಗಳದಲ್ಲಿ. ಅವನಿಗೆ ಮಜ್ಜಿಗೆ ಕೊಡುವ ಲೋಟ ಬೇರೆ. ಮಾಡಿನ ಅಂಚಿನ ಸಂದಿಯಲ್ಲಿ ಸಿಕ್ಕಿಸಿಟ್ಟಿರುತ್ತಿದ್ದರು. ಅವನೇ ತೆಗೆದುಕೊಳ್ಳಬೇಕು, ಕುಡಿದು ತೊಳೆದು ಅಲ್ಲೇ ಇಡಬೇಕು. ಸಂಜೆ ಅವನ ತಾಯಿ ಕೆಲಸ ಮುಗಿಸುವವರೆಗೆ ಅಂಗಳದಲ್ಲಿ ಕಾಯುತ್ತಿದ್ದವನು ನಮ್ಮ ಬಾಯಿಪಾಠ ಕೇಳಿ ಕೇಳಿ ಸಂವತ್ಸರಗಳನ್ನೆಲ್ಲ ಕಲಿತಿದ್ದ. ಒಂದು ದಿನ ನಾನು ದುಂದುಭಿಯಲ್ಲಿ ನಿಂತಾಗ ಕತ್ತಲೆಯಿಂದ, "ರುಧಿರೋದ್ಗಾರಿ, ರಕ್ತಾಕ್ಷಿ, ಕ್ರೋಧನ, ಅಕ್ಷಯ" ಎಂದು ಮುಗಿಸಿಬಿಟ್ಟ. ಅಜ್ಜ ಲಾಟೀನು ಎತ್ತಿ ನೋಡಿದ. "ನೋಡು ಮಾಣಿ, ಅವನ ಉಚ್ಚಾರ ನಿನಗಿಂತ ಸ್ವಚ್ಛ" ಎಂದು ನನಗೆ ಹೇಳಿದ. ಅವನಿಗೆ ಮೊದಲಿನಿಂದ ಹೇಳಲು ಹೇಳಿ ಪೂರ್ತಿ ಕೇಳಿದ. ಲೋಟ ಮಾತ್ರ ಮಾಡಿನ ಸಂದಿಯಲ್ಲೇ ಉಳಿಯಿತು. ಆಯಿಯನ್ನು ಕೇಳಿದರೆ, ಅದು ಹಿಂದಿನಿಂದ ಬಂದದ್ದು ಎಂದಳು. ಅಜ್ಜನ ಮೇಲೆ ನನಗೆ ಇರುವ ಪ್ರೀತಿ ದೊಡ್ಡದು. ಆದರೆ ಅವನ ಬಗ್ಗೆ ಬರೆಯುವಾಗ ಆ ಲೋಟವನ್ನು ಬಿಟ್ಟು ಬರೆದರೆ ಅದು ಅಜ್ಜನ ಚಿತ್ರವಾಗುವುದಿಲ್ಲ.

ಮಳೆ ಇಳಿಯುವ ಹೊತ್ತಿಗೆ ಊರಿನಲ್ಲಿ ಬೇರೆಯೇ ಮಾತು. ಆ ಸೆಪ್ಟೆಂಬರ್‌ನಲ್ಲಿ ನಮ್ಮ ತಾಲ್ಲೂಕಿನ ಸಾಲ್ಕಣಿ ಕಡೆಯ ಜನ ಕಳಸೆ ಕಾಡಿಗೆ ನುಗ್ಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡು ನಿಂತಿದ್ದರು. ದೊಡ್ಡಪ್ಪ ಸಭೆಗಳಿಗೆ ಹೋಗಿ ಬಂದು ಜಗಲಿಯಲ್ಲಿ ಹೇಳುತ್ತಿದ್ದುದನ್ನು ನಾವು ಬಾಯಿಬಿಟ್ಟು ಕೇಳುತ್ತಿದ್ದೆವು. ದೊಡ್ಡವರಿಗೆ ಅದು ಚಳವಳಿ, ನಮಗೆ ಹೊಸ ಆಟ. ಮುಟ್ಟಾಟದ ನಿಯಮವೇ ಬದಲಾಯಿತು: ಮರ ಅಪ್ಪಿಕೊಂಡವನನ್ನು ಮುಟ್ಟುವಂತಿಲ್ಲ. ಶಾಲೆಯ ಅಂಗಳದಲ್ಲಿದ್ದದ್ದು ಒಂದೇ ಹಲಸಿನ ಮರ. ಎಲ್ಲರೂ ಅದನ್ನೇ ಅಪ್ಪಿಕೊಂಡರೆ ಮುಟ್ಟಲು ಯಾರೂ ಉಳಿಯುವುದಿಲ್ಲ, ಆಟ ನಿಂತುಹೋಗುತ್ತಿತ್ತು. ಕೊನೆಗೆ ಒಮ್ಮೆಗೆ ಇಬ್ಬರು ಮಾತ್ರ ಎಂದು ಗೌಳಿಗರ ಹುಡುಗ ತೀರ್ಪು ಕೊಟ್ಟ.

ಅದೇ ದಿನಗಳಲ್ಲಿ ಯಾರೋ ಶಾಲೆಯ ಎದುರಿನ ಕಟ್ಟೆಯ ಮೇಲೆ ಕೆಮ್ಮಣ್ಣಿನಿಂದ ದೊಡ್ಡದಾಗಿ ಮೂರು ಮಾತು ಬರೆದಿದ್ದರು: ಉಳಿಸು, ಬೆಳೆಸು, ಬಳಸು. ಚಳವಳಿಯವರ ಘೋಷಣೆ. ನಾವು ಆಗಷ್ಟೇ ಕಾಗುಣಿತಕ್ಕೆ ಕಾಲಿಟ್ಟಿದ್ದೆವು. ಕ ಕಾ ಕಿ ಕೀ ಎಂದು ರಾಗವಾಗಿ ಹೇಳುವುದಷ್ಟೇ ಗೊತ್ತು. ಆ ಕೊಂಬು, ಗುಡಿಸು, ಏತ್ವಗಳೆಲ್ಲ ಅಕ್ಷರಕ್ಕೆ ಹಾಕಿದ ಒಡವೆ ಎಂದೇ ನನ್ನ ಭಾವನೆ. ಊಟದ ಬಿಡುವಿನಲ್ಲಿ ಕಟ್ಟೆಯ ಎದುರು ನಿಂತು ಕೊನೆಯ ಮಾತನ್ನು ಓದಿದೆ, ಅದು ಸುಲಭ. ಬ, ಳ, ಸು. ನಡುವಿನದನ್ನೂ ಹಾಗೆಯೇ ಓದಿದೆ. ಎರಡು ಸಲ ಬಳಸು ಎಂದು ಯಾಕೆ ಬರೆದಿದ್ದಾರೆ ಎಂದು ಪಕ್ಕದವನನ್ನು ಕೇಳಿದೆ. ಅವನು ಹತ್ತಿರ ಹೋಗಿ, ನಡುವಿನ ಬ ಮತ್ತು ಳ ದ ತಲೆಯ ಮೇಲಿನ ಕೊಕ್ಕೆಗಳ ಮೇಲೆ ಬೆರಳಿಟ್ಟ. ಇಬ್ಬರೂ ಮೊದಲಿನಿಂದ ಗುಣಿತ ಹೇಳಿಕೊಂಡು ಬಂದೆವು. ಬ ಬಾ ಬಿ ಬೀ ಬು ಬೂ, ಬೃ, ಬೆ. ಬೆ! ಳೆ! ಎರಡು ಸಣ್ಣ ಕೊಕ್ಕೆ ಹಾಕಿದ್ದಕ್ಕೆ ಖರ್ಚು ಮಾಡುವ ಮಾತು ನೆಟ್ಟು ಸಾಕುವ ಮಾತಾಗಿತ್ತು. ಕೈಗೆ ಕೆಮ್ಮಣ್ಣು ಹತ್ತಿದ್ದೂ ಗೊತ್ತಾಗಲಿಲ್ಲ. ಒಳಗೆ ಓಡಿ ಅಕ್ಕೋರಿಗೆ ಹೇಳಿದರೆ, ಅವರು ಊಟದ ಡಬ್ಬಿ ಮುಚ್ಚಿ ಹೊರಗೆ ಬಂದು ನಮ್ಮಿಬ್ಬರಿಂದ ಮೂರೂ ಮಾತನ್ನು ಓದಿಸಿದರು.

ಅಲ್ಲಿಂದ ಮುಂದೆ ಕಂಡದ್ದನ್ನೆಲ್ಲ ಓದುವ ಹುಚ್ಚು. ಬೆಲ್ಲ ಕಟ್ಟಿ ತಂದ ಪತ್ರಿಕೆಯ ಚೂರು, ಗೊಬ್ಬರದ ಚೀಲ, ಬಸ್ಸಿನ ಹಣೆಯ ಮೇಲಿನ ಊರು. ಒತ್ತಕ್ಷರ ಬಂದಲ್ಲಿ ಮಾತ್ರ ದಾರಿ ಮುಚ್ಚುತ್ತಿತ್ತು. ಕಾರ್ತಿಕ ಕಳೆದು ಅಡಿಕೆ ಕೊಯ್ಲು ಶುರುವಾದ ಮೇಲೆ ರಾತ್ರಿ ಅಂಗಳದಲ್ಲಿ ಸುಲಿಯುವ ಕೆಲಸ. ಮೆಟ್ಟುಗತ್ತಿಗಳ ಸಾಲು, ನಡುವೆ ಪೆಟ್ರೋಮ್ಯಾಕ್ಸ್. ಸುಲಿಯುವವರಿಗೆ ನಿದ್ದೆ ಬಾರದಿರಲು ಯಾರಾದರೂ ಕಥೆ ಹೇಳಬೇಕು. ಅತ್ತೆ ವಾರಪತ್ರಿಕೆಯ ಧಾರಾವಾಹಿ ಓದುತ್ತಿದ್ದಳು. ಅವಳಿಗೆ ಗಂಟಲು ಕಟ್ಟಿದ ಒಂದು ರಾತ್ರಿ ನನ್ನ ಕೈಗೆ ಕೊಟ್ಟರು. ನಾನು ಒಂದು ವಾಕ್ಯ ಮುಗಿಸುವಷ್ಟರಲ್ಲಿ ಅವರು ಒಂದು ಬುಟ್ಟಿ ಮುಗಿಸುತ್ತಿದ್ದರು. ನಾಯಕಿ ಬಾಗಿಲು ತೆರೆಯಲು ಎದ್ದವಳು ಬಹಳ ಹೊತ್ತು ಬಾಗಿಲ ಬಳಿಯೇ ನಿಂತಿದ್ದಳು. ಸುಲಿಯುತ್ತಿದ್ದ ಒಬ್ಬಾಕೆ, "ತಮ್ಮಾ, ಅವಳನ್ನು ಒಳಗಾದರೂ ಕರೆ, ಚಳಿ ಬಹಳ" ಎಂದಾಗ ಅಂಗಳವೆಲ್ಲ ನಕ್ಕಿತು. ಅಜ್ಜ ಮಾತ್ರ ನಗಲಿಲ್ಲ. "ಅಕಾರದಿಂದ ಸರಿಯಾಗಿ ಕಲಿತಿದ್ದರೆ ಇಷ್ಟು ಹೊತ್ತು ಆಗುತ್ತಿರಲಿಲ್ಲ" ಎಂದ.

ಏಪ್ರಿಲ್ 10ಕ್ಕೆ ಫಲಿತಾಂಶ. ಹೆಡ್‌ಮಾಸ್ತರರು ಹೆಸರು ಕೂಗಿ ಪಾಸು ಎಂದರೆ ಮನೆಯಿಂದ ತಂದ ಸಕ್ಕರೆ ಹಂಚುವುದು. ನಾನೂ ಹಂಚಿದೆ.

ಕೆಲವು ವರ್ಷ ಕಳೆದು ದೊಡ್ಡಪ್ಪನ ಕೊನೆಯ ಮಗನ ಸರದಿ ಬಂತು. ಅಜ್ಜ ಎಂದಿನಂತೆ ಹರಿವಾಣದಲ್ಲಿ ಅಕ್ಕಿ ಹರಡಿ ಓಂಕಾರ ಬರೆಸಿ, ಅ ದಿಂದ ಳ ದವರೆಗೆ ತಿದ್ದಿಸಿ ಸಿದ್ಧ ಮಾಡಿದ. ಅಷ್ಟರಲ್ಲಿ ಕಾಲ ಬದಲಾಗಿತ್ತು. ಹುಡುಗನನ್ನು ಶಿರಸಿಯ ಇಂಗ್ಲಿಷ್ ಶಾಲೆಗೆ ಹಾಕಿದರು. ಮೊದಲ ದಿನ ಸಂಜೆ ಅವನು ಎ ಬಿ ಸಿ ಡಿ ಬರೆದುಕೊಂಡು ಬಂದ ಪುಸ್ತಕವನ್ನು ಅಜ್ಜ ತಿರುವಿ ನೋಡಿದ. ಎ ಮೊದಲೇ ಇತ್ತು, ಉಳಿದವೂ ಅವುಗಳ ಜಾಗದಲ್ಲೇ ಇದ್ದವು. "ಇವರಾದರೂ ಕ್ರಮ ಬಿಟ್ಟಿಲ್ಲ" ಎಂದು ಪುಸ್ತಕ ಹಿಂದೆ ಕೊಟ್ಟ.